ಹೋಗಬೇಕಾದ ಊರು ಹೆಸರಿನಲ್ಲೇ ಇದೆ

ಮಾನವ ಇನ್ಸುಲಿನ್ನಿನ ಒಂದು ಅಣುವಿನಲ್ಲಿ 51 ಅಮೈನೊ ಆಮ್ಲಗಳಿವೆ. ಊಟವಾದ ಮೇಲೆ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ರಕ್ತಕ್ಕೆ ಬಿಡುವುದು ಇದನ್ನೇ. ಆದರೆ ಬೀಟಾ ಕೋಶ ಇನ್ಸುಲಿನ್ ಕಟ್ಟಲು ಶುರು ಮಾಡಿದಾಗ ಹೆಣೆಯುವುದು 110 ಅಮೈನೊ ಆಮ್ಲಗಳ ಸರವನ್ನು. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ದಾರಿಯಲ್ಲೇ ಕಳಚಿಹೋಗುತ್ತದೆ. ಎಲ್ಲಕ್ಕಿಂತ ಮೊದಲು ಕಳಚುವುದು ಸರದ ಆರಂಭದಲ್ಲಿರುವ 24. ರಕ್ತದ ಸಕ್ಕರೆ ಇಳಿಸುವುದಕ್ಕೂ ಆ 24ಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಅವಿಲ್ಲದೆ ಇನ್ಸುಲಿನ್ ಕೋಶದ ಗಡಿ ದಾಟಿ ರಕ್ತ ಸೇರಲಾರದು. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕತ್ತರಿಸಿಹೋಗುವ ಈ ತುಣುಕಿನಲ್ಲಿ ಬರೆದಿರುವುದು ಒಂದೇ ಸಂಗತಿ: ಈ ಪ್ರೋಟೀನು ಎಲ್ಲಿಗೆ ಹೋಗಬೇಕು ಎಂಬುದು.

ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಪಡೆದವರು ನಾವೆಲ್ಲ. ನಡುವೆ ಕೋಶಕೇಂದ್ರ, ಅದರ ಪಕ್ಕ ಮಡಿಕೆ ಮಡಿಕೆಯಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್, ಆಚೆ ಗಾಲ್ಗಿ, ಅಲ್ಲಲ್ಲಿ ಮೈಟೊಕಾಂಡ್ರಿಯ, ಲೈಸೋಸೋಮ್, ಪೆರಾಕ್ಸಿಸೋಮ್. ಆ ಚಿತ್ರ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ, ಕೇಳಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ಒಂದೊಂದು ಕಣದಂಗಕ್ಕೂ ಬೇಕಾದ ಪ್ರೋಟೀನುಗಳು ಬೇರೆ ಬೇರೆ. ಅವುಗಳಲ್ಲಿ ಬಹುಪಾಲು ತಯಾರಾಗುವುದು ಮಾತ್ರ ಒಂದೇ ಬಗೆಯ ಯಂತ್ರದಲ್ಲಿ, ಕೋಶದ್ರವ್ಯದಲ್ಲಿರುವ ರೈಬೋಸೋಮುಗಳಲ್ಲಿ. ಮೈಟೊಕಾಂಡ್ರಿಯಕ್ಕೆ ಸ್ವಂತ ಡಿಎನ್‌ಎ ಇದೆ ಎಂದು ಪಠ್ಯದಲ್ಲಿ ಓದಿರುತ್ತೇವೆ. ಆದರೆ ಮನುಷ್ಯರಲ್ಲಿ ಆ ಡಿಎನ್‌ಎ ಹೇಳಿಕೊಡುವುದು ಬರೀ 13 ಪ್ರೋಟೀನುಗಳ ತಯಾರಿ. ಉಳಿದ ಸಾವಿರಕ್ಕೂ ಮಿಕ್ಕಿದ ಪ್ರೋಟೀನುಗಳು ಹೊರಗಿನಿಂದಲೇ ಬರಬೇಕು. ಅಂದರೆ ಪೊರೆಯನ್ನು ದಾಟಬೇಕು. ಪೊರೆ ಎಂದರೆ ಜಿಡ್ಡಿನ ಪದರ. ನೀರನ್ನು ಮೆಚ್ಚುವ ದೊಡ್ಡ ಪ್ರೋಟೀನು ಅದರ ಮೂಲಕ ತಾನಾಗಿ ನುಸುಳಲಾರದು. ಯಾವುದು ಒಳಗೆ, ಯಾವುದು ಹೊರಗೆ, ಯಾವುದು ಇದ್ದಲ್ಲೇ ಇರಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ?

ಹಳೇ ಮೈಸೂರಿನ ಕಡೆ ಹೆಸರಿಡುವ ರೀತಿ ನೆನಪಿಸಿಕೊಳ್ಳಿ. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲ ಅಕ್ಷರವೇ ಊರು. ಪ್ರೋಟೀನುಗಳಲ್ಲೂ ಊರು ಹೆಸರಿನ ಮುಂದೆಯೇ ಇರುತ್ತದೆ. ವ್ಯತ್ಯಾಸ ಎರಡು. ನಮ್ಮ ಇನಿಷಿಯಲ್ ಬಂದ ಊರನ್ನು ಹೇಳಿದರೆ, ಪ್ರೋಟೀನಿನದು ಹೋಗಬೇಕಾದ ಊರನ್ನು ಹೇಳುತ್ತದೆ. ನಮ್ಮದು ಬದುಕಿನುದ್ದಕ್ಕೂ ಜೊತೆಗಿರುತ್ತದೆ, ಪ್ರೋಟೀನು ಊರು ಸೇರಿದ ಕೂಡಲೇ ಸಾಮಾನ್ಯವಾಗಿ ಅದನ್ನು ಕಳಚಿಬಿಡುತ್ತದೆ. ವಿಜ್ಞಾನಿಗಳು ಇದಕ್ಕೆ ಸಿಗ್ನಲ್ ಸೀಕ್ವೆನ್ಸ್ ಎನ್ನುತ್ತಾರೆ. ಇಲ್ಲಿ ಸಂಕೇತ ಸರಣಿ ಎನ್ನೋಣ.

ಇದನ್ನು ಕಂಡುಹಿಡಿದದ್ದು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಿಡಿದು ಮೇದೋಜ್ಜೀರಕದ ಕೋಶಗಳನ್ನು ವರ್ಷಗಟ್ಟಲೆ ನೋಡಿದ್ದರು. ಹೊರಗೆ ಸ್ರವಿಸಬೇಕಾದ ಪ್ರೋಟೀನುಗಳು ಮೊದಲು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಹೊಕ್ಕು, ಅಲ್ಲಿಂದ ಗಾಲ್ಗಿಗೆ ಹೋಗಿ, ಆಮೇಲೆ ಹೊರಬೀಳುತ್ತವೆ ಎಂಬ ದಾರಿಯನ್ನು ತೋರಿಸಿಕೊಟ್ಟವರು ಅವರು. 1974ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಆದರೆ ಆ ದಾರಿಯ ಮೊದಲ ಬಾಗಿಲನ್ನು ಪ್ರೋಟೀನು ಹೇಗೆ ಗುರುತಿಸುತ್ತದೆ ಎಂಬುದು ಪಲಾಡೆಯವರಿಗೂ ಬಗೆಹರಿದಿರಲಿಲ್ಲ. 1967ರಲ್ಲಿ ಅವರ ಪ್ರಯೋಗಾಲಯಕ್ಕೆ ಗುಂಟರ್ ಬ್ಲೋಬೆಲ್ ಎಂಬ ಯುವಕ ಬಂದರು. 1936ರಲ್ಲಿ ಆಗಿನ ಜರ್ಮನಿಯ ಸೈಲೀಷಿಯಾದಲ್ಲಿ ಹುಟ್ಟಿ, ವೈದ್ಯಕೀಯ ಓದಿ, ಅಮೆರಿಕದಲ್ಲಿ ಸಂಶೋಧನೆಗೆ ಇಳಿದವರು. 1971ರಲ್ಲಿ ಬ್ಲೋಬೆಲ್ ಮತ್ತು ಡೇವಿಡ್ ಸಬಟೀನಿ ಒಂದು ಊಹೆಯನ್ನು ಮುಂದಿಟ್ಟರು. ಸ್ರವಿಸಬೇಕಾದ ಪ್ರೋಟೀನುಗಳ ಆರಂಭದಲ್ಲಿ ಒಂದು ವಿಶೇಷ ಭಾಗ ಇರಬೇಕು, ಯಾವುದೋ ಒಂದು ಅಂಶ ಅದನ್ನು ಗುರುತಿಸಿ ರೈಬೋಸೋಮನ್ನು ಪೊರೆಯ ಬಳಿಗೆ ಒಯ್ಯಬೇಕು ಎಂದು. ಆ ಹೊತ್ತಿಗೆ ಇದಕ್ಕೆ ಪುರಾವೆ ಇರಲಿಲ್ಲ. ಮರುವರ್ಷ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಸಂಗಡಿಗರು ಒಂದು ಸುಳಿವು ಕೊಟ್ಟರು. ಪ್ರತಿಕಾಯದ ಲೈಟ್ ಚೈನ್ ಎಂಬ ಭಾಗ ಪ್ರಯೋಗನಳಿಕೆಯಲ್ಲಿ ತಯಾರಾದಾಗ ಇರಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿ ಬರುತ್ತಿತ್ತು.

ಆ ಹೆಚ್ಚುವರಿ ತುಂಡೇ ವಿಳಾಸ ಎಂದು ಸಾಧಿಸಿದ್ದು 1975ರ ಪ್ರಯೋಗ. ಬ್ಲೋಬೆಲ್ ಮತ್ತು ಬರ್ನ್‌ಹಾರ್ಡ್ ಡಾಬರ್‌ಸ್ಟೈನ್ ಮಾಡಿದ ಈ ಕೆಲಸವನ್ನು ನಿಧಾನವಾಗಿ ನೋಡಬೇಕು. ಇಷ್ಟು ಅಚ್ಚುಕಟ್ಟಾದ ಪ್ರಯೋಗ ಜೀವವಿಜ್ಞಾನದಲ್ಲಿ ಅಪರೂಪ.

ಇಲಿಯ ಗೆಡ್ಡೆಯೊಂದರಿಂದ ಲೈಟ್ ಚೈನಿನ ಸಂದೇಶವಾಹಕ ಆರ್‌ಎನ್‌ಎ ತೆಗೆದರು. ಪ್ರೋಟೀನು ಕಟ್ಟಲು ಬೇಕಾದ ರೈಬೋಸೋಮು ಮುಂತಾದವನ್ನು ನಳಿಕೆಗೆ ಹಾಕಿದರು. ಹೊಸದಾಗಿ ಹುಟ್ಟಿದ ಪ್ರೋಟೀನನ್ನು ಪತ್ತೆ ಮಾಡಲು ವಿಕಿರಣಶೀಲ ಅಮೈನೊ ಆಮ್ಲ ಸೇರಿಸಿದರು. ಬಂದದ್ದನ್ನು ಜೆಲ್ ಮೇಲೆ ಓಡಿಸಿ ಎಕ್ಸ್‌ರೇ ಫಿಲ್ಮಿನಲ್ಲಿ ನೋಡಿದರೆ ಒಂದು ಕಪ್ಪು ಪಟ್ಟಿ. ಅದು ಉದ್ದನೆಯ ರೂಪ. ಈಗ ಅದೇ ನಳಿಕೆಗೆ ನಾಯಿಯ ಮೇದೋಜ್ಜೀರಕದಿಂದ ತೆಗೆದ ರೆಟಿಕ್ಯುಲಮ್ ಪೊರೆಯ ಪುಟ್ಟ ಚೀಲಗಳನ್ನು ಮೊದಲೇ ಸೇರಿಸಿದರು. ಪಟ್ಟಿ ಕೊಂಚ ಕೆಳಗೆ ಜರುಗಿತು. ಅಂದರೆ ತುಂಡು ಕತ್ತರಿಸಿಹೋಗಿತ್ತು, ನಿಜವಾದ ಉದ್ದದ ಲೈಟ್ ಚೈನ್ ಸಿಕ್ಕಿತ್ತು. ಆಮೇಲೆ ಪ್ರೋಟೀನನ್ನು ಅರಗಿಸಿಹಾಕುವ ಕಿಣ್ವ ಸುರಿದರು. ಉದ್ದನೆಯ ರೂಪ ನಾಶವಾಯಿತು, ಗಿಡ್ಡ ರೂಪ ಉಳಿಯಿತು. ಏಕೆಂದರೆ ಅದು ಚೀಲದೊಳಗೆ ಸೇರಿತ್ತು, ಕಿಣ್ವಕ್ಕೆ ಎಟಕುತ್ತಿರಲಿಲ್ಲ. ಕೊನೆಯದಾಗಿ, ಪ್ರೋಟೀನು ಪೂರ್ತಿ ತಯಾರಾಗಿ ಮುಗಿದ ಮೇಲೆ ಪೊರೆ ಸೇರಿಸಿ ನೋಡಿದರು. ಏನೂ ಆಗಲಿಲ್ಲ. ಕತ್ತರಿಸುವಿಕೆಯೂ ಇಲ್ಲ, ಒಳಹೋಗುವಿಕೆಯೂ ಇಲ್ಲ. ಇಂಥ ಪ್ರೋಟೀನು ಹುಟ್ಟುತ್ತಿರುವಾಗಲೇ ಪೊರೆಯನ್ನು ದಾಟಬೇಕು, ಹುಟ್ಟಿ ಮಡಚಿಕೊಂಡ ಮೇಲೆ ತಡವಾಯಿತು ಎಂಬುದು ಇದರಿಂದ ಖಚಿತವಾಯಿತು. ಇನ್ನೂ ಒಂದು ಮಾತು. ಇಲಿಯ ಸಂದೇಶವನ್ನು ನಾಯಿಯ ಪೊರೆ ಓದಿತ್ತು. ಈ ಲಿಪಿ ಒಂದು ಪ್ರಾಣಿಗೆ ಸೀಮಿತವಲ್ಲ. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಇದರ ಮೂಲ ಕ್ರಮ ಒಂದೇ ಎಂದು ಮುಂದೆ ತಿಳಿದುಬಂತು.

1971ರಲ್ಲಿ ಊಹಿಸಿದ್ದ ಆ ‘ಯಾವುದೋ ಒಂದು ಅಂಶ’ ಕೈಗೆ ಸಿಕ್ಕಿದ್ದು 1980ರ ಸುಮಾರಿಗೆ, ಬ್ಲೋಬೆಲ್ ಅವರ ಶಿಷ್ಯ ಪೀಟರ್ ವಾಲ್ಟರ್ ಅವರ ಕೈಯಲ್ಲಿ. ಅದು ಆರು ಪ್ರೋಟೀನುಗಳೂ ಒಂದು ಆರ್‌ಎನ್‌ಎಯೂ ಸೇರಿದ ಕಣ. ಎಸ್‌ಆರ್‌ಪಿ ಎಂದು ಕರೆಯುತ್ತಾರೆ. ಅದರ ಕೆಲಸ ಹೀಗೆ ಸಾಗುತ್ತದೆ. ನಮ್ಮ ಕೋಶಗಳಲ್ಲಿ ರೈಬೋಸೋಮು ಸೆಕೆಂಡಿಗೆ ಸುಮಾರು ಐದು ಅಮೈನೊ ಆಮ್ಲಗಳನ್ನು ಜೋಡಿಸುತ್ತದೆ. ಸರದ ಮೊದಲ ಮೂವತ್ತು ನಲವತ್ತು ಆಮ್ಲಗಳು ರೈಬೋಸೋಮಿನ ಒಳಗಿನ ಸುರಂಗದಲ್ಲೇ ಇರುತ್ತವೆ. ಸರ ಬೆಳೆದಂತೆ ಸಂಕೇತ ಸರಣಿ ಸುರಂಗದ ಬಾಯಿಂದ ಇಣುಕುತ್ತದೆ. ಎಸ್‌ಆರ್‌ಪಿ ತಕ್ಷಣ ಅದನ್ನು ಹಿಡಿದು ರೈಬೋಸೋಮಿನ ಕೆಲಸದ ವೇಗವನ್ನು ತಗ್ಗಿಸುತ್ತದೆ. ಹೀಗೆ ಸಿಕ್ಕ ಬಿಡುವಿನಲ್ಲಿ ಇಡೀ ಜೋಡಣೆಯನ್ನು ರೆಟಿಕ್ಯುಲಮ್ಮಿನ ಪೊರೆಗೆ ಒಯ್ದು, ಅಲ್ಲಿ ತನಗಾಗಿ ಕಾದಿರುವ ಗ್ರಾಹಕಕ್ಕೆ ತಗಲಿಸುತ್ತದೆ. ಪಕ್ಕದಲ್ಲೇ ಎಸ್‌ಇಸಿ61 ಎಂಬ ನಾಳವಿದೆ. ಎಸ್‌ಆರ್‌ಪಿ ಬಿಟ್ಟು ಹೋದ ಮೇಲೆ ರೈಬೋಸೋಮು ಮತ್ತೆ ಕೆಲಸ ಹಿಡಿಯುತ್ತದೆ, ಸರ ನಾಳದ ಮೂಲಕ ಎಳೆ ಎಳೆಯಾಗಿ ಒಳಗಿಳಿಯುತ್ತದೆ. ಒಳಗೆ ಕಾದಿರುವ ಸಿಗ್ನಲ್ ಪೆಪ್ಟಿಡೇಸ್ ಎಂಬ ಕಿಣ್ವ ಸಂಕೇತ ಸರಣಿಯನ್ನು ಕತ್ತರಿಸುತ್ತದೆ. ಇನ್ಸುಲಿನ್ನಿನಲ್ಲಿ ಉಳಿಯುವುದು 86. ಅದು ಮಡಚಿಕೊಂಡು, ಗಾಲ್ಗಿ ದಾಟಿ, ನಡುವಿನ ಇನ್ನೊಂದು ತುಂಡನ್ನೂ ಕಳೆದುಕೊಂಡು, 51ರ ಇನ್ಸುಲಿನ್ ಆಗಿ ಪುಟ್ಟ ಕಣಗಳಲ್ಲಿ ಶೇಖರವಾಗುತ್ತದೆ. ನಮ್ಮ ಪ್ರೋಟೀನುಗಳಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಈ ರೆಟಿಕ್ಯುಲಮ್ ಬಾಗಿಲಿನ ಮೂಲಕವೇ ಸಾಗುತ್ತವೆ. ಪ್ರತಿಕಾಯಗಳು, ಜೀರ್ಣರಸದ ಕಿಣ್ವಗಳು, ಹಲವು ಹಾರ್ಮೋನುಗಳು, ಕೋಶದ ಹೊರಮೈಯ ಗ್ರಾಹಕಗಳು ಎಲ್ಲವೂ.

ಇಷ್ಟು ಮುಖ್ಯವಾದ ವಿಳಾಸವನ್ನು ಪ್ರಕೃತಿ ಅಕ್ಷರ ತಪ್ಪದೆ ಬರೆದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ವಿಜ್ಞಾನಿಗಳಿಗೂ ಹಾಗೇ ಅನ್ನಿಸಿತ್ತು. ಒಂದೊಂದೇ ಪ್ರೋಟೀನಿನ ಸಂಕೇತ ಸರಣಿ ಓದುತ್ತಾ ಹೋದಂತೆ ಒಂದರಂತೆ ಇನ್ನೊಂದಿಲ್ಲ ಎಂದು ಗೊತ್ತಾಯಿತು. ಸಾಮಾನ್ಯವಾಗಿರುವುದು ಅಕ್ಷರಗಳಲ್ಲ, ಒಂದು ಸ್ವಭಾವ. ಇನ್ಸುಲಿನ್ನಿನ ಆ 24ನ್ನೇ ಹತ್ತಿರದಿಂದ ನೋಡಿ. ಅವುಗಳಲ್ಲಿ ಎಂಟು ಲ್ಯೂಸಿನ್, ಆರು ಅಲನಿನ್. ಎರಡೂ ನೀರಿನಿಂದ ದೂರ ಸರಿದು ಜಿಡ್ಡಿನ ಕಡೆ ವಾಲುವಂಥವು. ಆರಂಭದ ಹತ್ತಿರ, ಆರನೆಯ ಸ್ಥಾನದಲ್ಲಿ, ಧನ ವಿದ್ಯುದಾವೇಶದ ಒಂದು ಅರ್ಜಿನಿನ್. ಕೊನೆಯಲ್ಲಿ, ಕತ್ತರಿ ಬೀಳುವ ಜಾಗಕ್ಕೆ ಸರಿಯಾಗಿ, ಮೂರು ಅಲನಿನ್ ಸಾಲಾಗಿ ನಿಂತಿವೆ. ಕತ್ತರಿ ಬೀಳುವಲ್ಲಿ ಗಾತ್ರದಲ್ಲಿ ಚಿಕ್ಕ ಅಮೈನೊ ಆಮ್ಲಗಳೇ ಇರಬೇಕೆಂಬ ನಿಯಮವನ್ನು ಸ್ವೀಡನ್ನಿನ ಗುನ್ನಾರ್ ವಾನ್ ಹೈನೆ ಎಂಬವರು ನೂರಾರು ಸರಣಿಗಳನ್ನು ಹೋಲಿಸಿ ಕಂಡುಕೊಂಡರು. ಧನ ಆವೇಶದ ತಲೆ, ಜಿಡ್ಡುಪ್ರಿಯ ನಡು, ಚಿಕ್ಕ ಆಮ್ಲಗಳ ಕೊನೆ, ಇಷ್ಟಿದ್ದರೆ ಸಾಕು.

ಇದು ಎಷ್ಟು ಸಡಿಲ ಎಂಬುದನ್ನು ತೋರಿಸಿದ್ದು 1987ರ ಒಂದು ಪ್ರಯೋಗ. ಯೀಸ್ಟ್ ಹೊರಗೆ ಬಿಡುವ ಇನ್ವರ್ಟೇಸ್ ಎಂಬ ಕಿಣ್ವದ ಸಂಕೇತ ಸರಣಿಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಮನುಷ್ಯರ ಡಿಎನ್‌ಎಯ ಗೊತ್ತುಗುರಿಯಿಲ್ಲದ ತುಣುಕುಗಳನ್ನು ಅಮೆರಿಕದ ವಿಜ್ಞಾನಿಗಳು ಸೇರಿಸಿದರು. ಸುಮಾರು ಐದರಲ್ಲಿ ಒಂದು ತುಣುಕು ಕೆಲಸ ಮಾಡಿತು, ಕಿಣ್ವ ಹೊರಗೆ ಬಂತು. ಎಸ್‌ಆರ್‌ಪಿಯಲ್ಲಿ ಸಂಕೇತ ಸರಣಿ ಕೂರುವ ತೋಡಿನ ಗೋಡೆಗಳಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ. ಅದರ ಪಕ್ಕದ ಸರಪಳಿ ಬಾಗಬಲ್ಲದು, ಹಾಗಾಗಿ ನಾನಾ ಆಕಾರದ ಜಿಡ್ಡುಪ್ರಿಯ ತುಂಡುಗಳಿಗೆ ಅದು ಹೊಂದಿಕೊಳ್ಳುತ್ತದೆ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಜೀವಿಗಳ ವಿಕಾಸದಲ್ಲಿ ಹೊಸ ಪ್ರೋಟೀನೊಂದು ಹೊರಗೆ ಹೋಗಲು ಕಲಿಯಬೇಕಾದರೆ ಪವಾಡ ನಡೆಯಬೇಕಿಲ್ಲ. ತಲೆಯ ಕಡೆ ಒಂದಿಷ್ಟು ಜಿಡ್ಡುಪ್ರಿಯ ಅಕ್ಷರಗಳು ಅಕಸ್ಮಾತ್ತಾಗಿ ಸೇರಿದರೆ ದಾರಿ ತೆರೆಯುತ್ತದೆ.

ಬೇರೆ ಊರುಗಳ ವಿಳಾಸಗಳು ಬೇರೆ. ಮೈಟೊಕಾಂಡ್ರಿಯಕ್ಕೆ ಹೋಗುವ ಹೆಚ್ಚಿನ ಪ್ರೋಟೀನುಗಳ ತಲೆ ಒಂದು ಸುರುಳಿ, ಅದರ ಒಂದು ಮಗ್ಗುಲಲ್ಲಿ ಧನ ಆವೇಶ, ಇನ್ನೊಂದು ಮಗ್ಗುಲಲ್ಲಿ ಜಿಡ್ಡು. ಕೋಶಕೇಂದ್ರಕ್ಕೆ ಹೋಗುವವುಗಳಲ್ಲಿ ಲೈಸಿನ್, ಅರ್ಜಿನಿನ್‌ಗಳ ಪುಟ್ಟ ಗುಂಪು. ಇದನ್ನು ಕತ್ತರಿಸುವುದಿಲ್ಲ. ನಮ್ಮ ಕೋಶ ವಿಭಜನೆಯಾದಾಗಲೆಲ್ಲ ಕೋಶಕೇಂದ್ರದ ಹೊದಿಕೆ ಕರಗಿ ಒಳಗಿದ್ದವು ಹೊರಗೆ ಚೆಲ್ಲುತ್ತವೆ. ಮತ್ತೆ ಒಳಗೆ ಸೇರಲು ವಿಳಾಸ ಉಳಿದಿರಲೇಬೇಕು. ಪೆರಾಕ್ಸಿಸೋಮಿನ ವಿಳಾಸ ಸಿಕ್ಕಿದ್ದು ಮಿಂಚುಹುಳದಿಂದ. ಮಿಂಚುಹುಳದ ಬೆಳಕಿಗೆ ಕಾರಣವಾದ ಲೂಸಿಫೆರೇಸ್ ಕಿಣ್ವ ಅದರ ಪೆರಾಕ್ಸಿಸೋಮಿನಲ್ಲಿ ಇರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಭಾರತ ಮೂಲದ ಸುರೇಶ್ ಸುಬ್ರಮಣಿ ಅವರ ತಂಡ ಅದನ್ನು ಸಸ್ತನಿಗಳ ಕೋಶದಲ್ಲಿ ಇಟ್ಟರೆ ಅಲ್ಲೂ ಪೆರಾಕ್ಸಿಸೋಮಿಗೇ ಹೋಗಿ ಸೇರಿತು. ಹುಡುಕುತ್ತಾ ಹೋದಾಗ ವಿಳಾಸ ಇದ್ದದ್ದು ತಲೆಯಲ್ಲಲ್ಲ, ಬಾಲದಲ್ಲಿ: ಸೆರಿನ್, ಲೈಸಿನ್, ಲ್ಯೂಸಿನ್ ಎಂಬ ಕೊನೆಯ ಮೂರೇ ಮೂರು ಅಮೈನೊ ಆಮ್ಲಗಳು.

ಬ್ಲೋಬೆಲ್ ಅವರಿಗೆ ನೊಬೆಲ್ ಬಂದದ್ದು 1999ರಲ್ಲಿ. ಪ್ರಶಸ್ತಿಯ ಹಣದ ಬಹುಪಾಲನ್ನು ಅವರು ಡ್ರೆಸ್ಡನ್ ನಗರಕ್ಕೆ ಕೊಟ್ಟುಬಿಟ್ಟರು. 1945ರಲ್ಲಿ ಮನೆಮಠ ಬಿಟ್ಟು ಪಶ್ಚಿಮಕ್ಕೆ ಓಡುವಾಗ ಬಾಲಕ ಬ್ಲೋಬೆಲ್ ಆ ನಗರದ ಸೊಬಗನ್ನು ಕಂಡಿದ್ದರು, ಕೆಲವೇ ದಿನಗಳ ನಂತರ ಬಾಂಬಿಗೆ ಸಿಕ್ಕಿ ಅದು ಉರಿಯುವುದನ್ನು ದೂರದಿಂದ ನೋಡಿದ್ದರು. ಅಲ್ಲಿನ ಫ್ರೌವೆನ್‌ಕಿರ್ಖೆ ಚರ್ಚನ್ನು ಮತ್ತೆ ಕಟ್ಟಲು, ಯಹೂದಿಗಳ ಸಿನಗಾಗ್ ಕಟ್ಟಲು ಆ ಹಣ ಹೋಯಿತು. 2018ರಲ್ಲಿ ಅವರು ತೀರಿಕೊಂಡರು.

ಈ ಜ್ಞಾನ ಪ್ರಯೋಗಾಲಯದಿಂದ ಕಾರ್ಖಾನೆಗೆ ಬರಲು ತಡವಾಗಲಿಲ್ಲ. 1978ರಲ್ಲೇ ಹಾರ್ವರ್ಡ್‌ನಲ್ಲಿ ಲಿಡಿಯಾ ವಿಲ್ಲಾ-ಕೊಮಾರೊಫ್, ವಾಲ್ಟರ್ ಗಿಲ್ಬರ್ಟ್ ಮತ್ತು ಸಂಗಡಿಗರು ಬ್ಯಾಕ್ಟೀರಿಯದ ಪೆನಿಸಿಲಿನೇಸ್ ಕಿಣ್ವಕ್ಕೆ ಇಲಿಯ ಪ್ರೊಇನ್ಸುಲಿನ್, ಅಂದರೆ ನಡುವಿನ ತುಂಡು ಇನ್ನೂ ಕಳಚದ ಇನ್ಸುಲಿನ್, ಜೋಡಿಸಿ, ಅದನ್ನು ಬ್ಯಾಕ್ಟೀರಿಯ ತನ್ನ ಒಳಪೊರೆಯ ಆಚೆಗೆ ಸಾಗಿಸುವಂತೆ ಮಾಡಿದರು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ತಯಾರಾದದ್ದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಯೀಸ್ಟ್ ಬಳಸುವುದರ ದೊಡ್ಡ ಅನುಕೂಲ ಇದೇ. ಪ್ರೋಟೀನಿನ ಮುಂದೆ ಯೀಸ್ಟಿಗೆ ಅರ್ಥವಾಗುವ ಸಂಕೇತ ಸರಣಿ ಇಟ್ಟರೆ ಅದು ಪ್ರೋಟೀನನ್ನು ತಾನಾಗಿ ಹೊರಗಿನ ದ್ರವಕ್ಕೆ ಬಿಡುತ್ತದೆ. ಪಿಕಿಯಾ ತನ್ನದೇ ಪ್ರೋಟೀನುಗಳನ್ನು ಹೊರಗೆ ಬಿಡುವುದು ಕಡಿಮೆ, ಆದ್ದರಿಂದ ಬೇಕಾದದ್ದನ್ನು ಆ ದ್ರವದಿಂದ ಶುದ್ಧ ಮಾಡುವುದು ಸುಲಭ. ಬ್ಯಾಕ್ಟೀರಿಯದ ಒಳಗೇ ಗಂಟಾಗಿ ಕೂತ ಪ್ರೋಟೀನಾದರೆ ಕೋಶವನ್ನು ಒಡೆದು, ಕರಗಿಸಿ, ಮತ್ತೆ ಸರಿಯಾಗಿ ಮಡಚಬೇಕಾಗುತ್ತದೆ.

ವಿಳಾಸದಲ್ಲಿ ತಪ್ಪಾದರೆ ಏನಾಗುತ್ತದೆ? ಇನ್ಸುಲಿನ್ನಿನ 24ನೆಯ ಸ್ಥಾನದಲ್ಲಿ, ಆ ಮೂರು ಅಲನಿನ್‌ಗಳ ಕೊನೆಯದರ ಜಾಗದಲ್ಲಿ, ಆಸ್ಪಾರ್ಟಿಕ್ ಆಮ್ಲ ಬಂದು ಕೂತ ಶಿಶುಗಳಿದ್ದಾರೆ. ಕತ್ತರಿ ಸರಿಯಾಗಿ ಬೀಳುವುದಿಲ್ಲ. ಬಾಲಂಗೋಚಿ ಹೊತ್ತ ಪ್ರೋಟೀನು ರೆಟಿಕ್ಯುಲಮ್ಮಿನಲ್ಲಿ ಸಿಕ್ಕಿಕೊಂಡು ಬೀಟಾ ಕೋಶವನ್ನೇ ಕೊಲ್ಲುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ. ಇನ್ಸುಲಿನ್ ಆಗಬೇಕಾದ 51ರಲ್ಲಿ ಒಂದೂ ಬದಲಾಗಿರುವುದಿಲ್ಲ.

ಇದಕ್ಕಿಂತ ಹೆಚ್ಚು ಕಲಿಸುವುದು ಎಜಿಟಿ ಎಂಬ ಯಕೃತ್ತಿನ ಕಿಣ್ವದ ಕತೆ. ದೇಹದಲ್ಲಿ ಹುಟ್ಟುವ ಗ್ಲೈಆಕ್ಸಿಲೇಟ್ ಎಂಬ ವಸ್ತುವನ್ನು ನಿರಪಾಯಕಾರಿ ಗ್ಲೈಸಿನ್ ಆಗಿ ಪರಿವರ್ತಿಸುವುದು ಇದರ ಕೆಲಸ. ಅದು ನಡೆಯದಿದ್ದರೆ ಗ್ಲೈಆಕ್ಸಿಲೇಟ್ ಆಕ್ಸಲೇಟ್ ಆಗುತ್ತದೆ, ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಈ ಆನುವಂಶಿಕ ಕಾಯಿಲೆಯ ಹೆಸರು ಪ್ರೈಮರಿ ಹೈಪರ್‌ಆಕ್ಸಲೂರಿಯ. ಲಂಡನ್ನಿನ ಕ್ರಿಸ್ಟೋಫರ್ ಡ್ಯಾನ್‌ಪೂರ್ ಅವರ ತಂಡ ಕೆಲವು ರೋಗಿಗಳ ಯಕೃತ್ತನ್ನು ಪರೀಕ್ಷಿಸಿದಾಗ ಗೊಂದಲವಾಯಿತು. ಕಿಣ್ವ ಇತ್ತು, ಕ್ರಿಯಾಶೀಲವಾಗಿಯೂ ಇತ್ತು. ಹಾಗಿದ್ದರೆ ಕಾಯಿಲೆ ಏಕೆ? 1989ರಲ್ಲಿ ಉತ್ತರ ಸಿಕ್ಕಿತು. ಮನುಷ್ಯರಲ್ಲಿ ಈ ಕಿಣ್ವ ಇರಬೇಕಾದದ್ದು ಪೆರಾಕ್ಸಿಸೋಮಿನಲ್ಲಿ. ಆ ರೋಗಿಗಳಲ್ಲಿ ಅದು ಮೈಟೊಕಾಂಡ್ರಿಯದಲ್ಲಿ ಕೂತಿತ್ತು.

ಇದಕ್ಕೆ ಎರಡು ಬದಲಾವಣೆಗಳು ಒಟ್ಟಿಗೆ ಬೇಕು. 11ನೆಯ ಸ್ಥಾನದ ಪ್ರೋಲಿನ್ ಹೋಗಿ ಲ್ಯೂಸಿನ್ ಬಂದರೆ ತಲೆಯ ಭಾಗ ಮೈಟೊಕಾಂಡ್ರಿಯದ ದುರ್ಬಲ ವಿಳಾಸದಂತೆ ಕಾಣತೊಡಗುತ್ತದೆ. ಇದು ಆರೋಗ್ಯವಂತರಲ್ಲೂ ಸಾಮಾನ್ಯವಾಗಿ ಕಂಡುಬರುವ ವ್ಯತ್ಯಾಸ. ಇದೊಂದರಿಂದ ದಾರಿ ತಪ್ಪುವುದು ನೂರರಲ್ಲಿ ಐದರಷ್ಟು ಕಿಣ್ವ ಮಾತ್ರ. ಜೊತೆಗೆ 170ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಅರ್ಜಿನಿನ್ ಬಂದರೆ ನೂರರಲ್ಲಿ ತೊಂಬತ್ತರಷ್ಟು ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. ಎರಡನೆಯ ಬದಲಾವಣೆ ವಿಳಾಸವನ್ನು ಮುಟ್ಟುವುದಿಲ್ಲ, ಕಿಣ್ವ ಮಡಚಿ ಜೋಡಿಯಾಗುವುದನ್ನು ನಿಧಾನಿಸುತ್ತದೆ. ಪೆರಾಕ್ಸಿಸೋಮು ಮಡಚಿದ ಪ್ರೋಟೀನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಮೈಟೊಕಾಂಡ್ರಿಯದ ನಾಳದಲ್ಲಿ ಬಿಡಿಸಿದ ಎಳೆಗೆ ಮಾತ್ರ ಜಾಗ. ಮಡಚುವುದು ತಡವಾದಷ್ಟೂ ಮೈಟೊಕಾಂಡ್ರಿಯಕ್ಕೆ ಅವಕಾಶ ಹೆಚ್ಚು.

ಎಜಿಟಿಯ ಊರು ಎಲ್ಲ ಪ್ರಾಣಿಗಳಲ್ಲೂ ಒಂದೇ ಅಲ್ಲ. ಸಸ್ಯಾಹಾರಿಯಾದ ಮೊಲದಲ್ಲಿ ಅದು ಪೆರಾಕ್ಸಿಸೋಮಿನಲ್ಲಿದೆ, ಮಾಂಸಾಹಾರಿಯಾದ ಬೆಕ್ಕಿನಲ್ಲಿ ಮೈಟೊಕಾಂಡ್ರಿಯದಲ್ಲಿ, ಎರಡನ್ನೂ ತಿನ್ನುವ ಇಲಿಯಲ್ಲಿ ಎರಡೂ ಕಡೆ. ಸೊಪ್ಪುಸದೆಯಿಂದ ಬರುವ ಗ್ಲೈಆಕ್ಸಿಲೇಟ್ ಹೆಚ್ಚಾಗಿ ಹುಟ್ಟುವುದು ಪೆರಾಕ್ಸಿಸೋಮಿನಲ್ಲಿ, ಮಾಂಸದಿಂದ ಬರುವುದು ಮೈಟೊಕಾಂಡ್ರಿಯದಲ್ಲಿ. ಆಹಾರ ಬದಲಾದಂತೆ ವಿಕಾಸವು ಕಿಣ್ವದ ವಿಳಾಸವನ್ನೂ ತಿದ್ದುತ್ತಾ ಬಂದಿದೆ. ಬೆಕ್ಕಿಗೆ ಸರಿಯಾದ ವಿಳಾಸವೇ ಮನುಷ್ಯನ ಮಗುವಿಗೆ ಕಾಯಿಲೆ.

170ನೆಯ ಸ್ಥಾನದ ಬದಲಾವಣೆ ಇರುವ ಹಲವರಿಗೆ ವಿಟಮಿನ್ ಬಿ6 ನೆರವಾಗುತ್ತದೆ. ಅದು ಈ ಕಿಣ್ವದ ಸಹಕಾರಿ. ಆಕ್ಸಲೇಟ್ ತಯಾರಿಯನ್ನೇ ತಗ್ಗಿಸುವ ಲುಮಾಸಿರಾನ್ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಇದಕ್ಕೆಲ್ಲ ಮೊದಲು ಕಾಯಿಲೆ ಪತ್ತೆಯಾಗಬೇಕು. ಬಹಳಷ್ಟು ಸಲ ಮೂತ್ರಪಿಂಡ ಸೋತ ಮೇಲೆಯೇ ಅದು ಗೊತ್ತಾಗುತ್ತದೆ. ಕಾರಣ ತಿಳಿಯದೆ ಮೂತ್ರಪಿಂಡವನ್ನಷ್ಟೇ ಕಸಿ ಮಾಡಿದರೆ ಹೊಸದರಲ್ಲೂ ಹರಳು ತುಂಬುತ್ತದೆ, ಏಕೆಂದರೆ ತಪ್ಪು ಇರುವುದು ಯಕೃತ್ತಿನಲ್ಲಿ. ಆದ್ದರಿಂದ ಮಗುವಿಗೆ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡರೆ, ಅದರಲ್ಲೂ ಮತ್ತೆ ಮತ್ತೆ ಬಂದರೆ, ನೀರು ಕಡಿಮೆ ಕುಡಿದದ್ದಕ್ಕೆ ಎಂದು ಸುಮ್ಮನಾಗಬೇಡಿ. ಮೂತ್ರದಲ್ಲಿ ಆಕ್ಸಲೇಟ್ ಎಷ್ಟಿದೆ ಎಂದು ಪರೀಕ್ಷಿಸಲು, ಅಗತ್ಯವಿದ್ದರೆ ಜೀನ್ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ.